ಹಗ್ಗದ ಹಾಡಿನ ಲೆಸ್ಲಿ

ಅಬುಧಾಬಿಯ ಮುಸಫ್ಫಾದಲ್ಲಿರುವ ಆ ಫ್ಯಾಬ್ರಿಕೇಶನ್ ಯಾರ್ಡಿನ ಸಾಮಾನು ಕೋಣೆಗೆ, ಅಂದರೆ ಸ್ಟೋರಿಗೆ, ಇರುವುದು ಒಂದೇ ಕಿಟಕಿ. ವೆಲ್ಡರುಗಳು, ಪೇಂಟರುಗಳು, ಭಾರ ಎತ್ತುವ ರಿಗ್ಗರುಗಳು ಬೆಳಿಗ್ಗೆ ಆರೂವರೆಗೆಲ್ಲ ಅದರ ಮುಂದೆ ಸಾಲು ನಿಂತಿರುತ್ತಾರೆ. ಆ ಕಿಟಕಿಯ ಒಳಗೆ ಇಪ್ಪತ್ತೆಂಟು ವರ್ಷ ಕೂತವರು ಲೆಸ್ಲಿ ಬರ್ಬೋಜ. ಕೈಗವಸು, ವೆಲ್ಡಿಂಗ್ ರಾಡು, ಕಣ್ಣಿಗೆ ಹಾಕುವ ಕನ್ನಡಕ ಹೀಗೆ ಕೇಳಿದ್ದನ್ನು ಎತ್ತಿ ಕೊಟ್ಟು, ಸಹಿ ಹಾಕಿಸಿ, ಮುಂದಿನವನನ್ನು ಕರೆಯುವುದು ಅವರ ಕೆಲಸ. ಸಾಲಿನಲ್ಲಿ ಮಂಗಳೂರು ಕಡೆಯವನೊಬ್ಬ ಸೇರಿಕೊಂಡರೆ ಮಾತ್ರ ಸಾಲು ನಿಧಾನವಾಗುತ್ತಿತ್ತು.

“ಲೆಸ್ಲಿ ಬಾಬ್, ಗ್ಲೌಸ್ ಆಮೇಲೆ ಕೊಡಿ. ಮೊದಲು ಒಂದು ಕೂಗು ಬಿಡಿ.”

ಕೊಂಕಣಿಯವರ ಬಾಯಲ್ಲಿ ಹಿರಿಯರೆಲ್ಲ ‘ಬಾಬ್’. ಮೊದಮೊದಲು ಅವರು ಕೂಗುತ್ತಿದ್ದರು. ಆಮೇಲೆ ನಕ್ಕು ತಲೆಯಾಡಿಸುತ್ತಿದ್ದರು. ಕೊನೆಯ ಎರಡು ವರ್ಷ ಕೇಳಿಸಿದರೂ ಕೇಳಿಸದವರಂತೆ ಗ್ಲೌಸು ಮುಂದಕ್ಕೆ ದೂಡುತ್ತಿದ್ದರು.

ಆ ಕೂಗಿಗೆ ಯೋಡಲ್ ಎಂದು ಹೆಸರು. ಎದೆಯಿಂದ ಬರುತ್ತಿದ್ದ ಸ್ವರ ಥಟ್ಟನೆ ಮುರಿದು ಮೇಲಿನ ತೆಳು ಸ್ವರಕ್ಕೆ ಹಾರಬೇಕು, ಅಲ್ಲಿ ಒಂದೆರಡು ಸುತ್ತು ಸುತ್ತಿ ಮತ್ತೆ ಕೆಳಗಿಳಿಯಬೇಕು. ಕಿನ್ನಿಗೋಳಿಯ ಹುಡುಗ ಲೆಸ್ಲಿ ಅದನ್ನು ಕಲಿತದ್ದು ಸೋದರಮಾವನ ಗ್ರಾಮಫೋನಿನಿಂದ. ಹಡಗಿನಲ್ಲಿ ಅಡುಗೆಯವನಾಗಿದ್ದ ಮಾವ ಒಂದು ಸಲ ರಜೆಗೆ ಬಂದಾಗ ಅಮೆರಿಕದ ಕಂಟ್ರಿ ಹಾಡುಗಳ ಒಂಬತ್ತು ತಟ್ಟೆಗಳನ್ನು ತಂದಿದ್ದ. ಕುದುರೆ, ರೈಲು, ಜೈಲು, ಸತ್ತುಹೋದ ತಾಯಿ, ಬಿಟ್ಟುಹೋದ ಹೆಂಡತಿ. ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಲೆಸ್ಲಿಗೆ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಕೇಳಿದ ಹಾಗೆ ಅದನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡ. ಇಂಗ್ಲಿಷ್ ತಿಳಿದ ಮೇಲೆ ಆ ನೋಟ್‌ಬುಕ್ ತೆರೆದು ನೋಡಿದರೆ ಅರ್ಧಕ್ಕರ್ಧ ತಪ್ಪು. ಆದರೆ ಹಾಡುವಾಗ ಆ ತಪ್ಪು ಮಾತುಗಳೇ ಬಾಯಿಗೆ ಹೊಂದುತ್ತಿದ್ದವು. ಕೊಂಕಣಿಯಲ್ಲಿ ತಾನೇ ಹಾಡು ಕಟ್ಟುವ ಯೋಚನೆ ಬಂದದ್ದು ಅಲ್ಲಿಂದ.

೧೯೯೧ರಲ್ಲಿ ಹೆಲ್ಪರ್ ವೀಸಾದಲ್ಲಿ ಅಬುಧಾಬಿಗೆ ಬಂದು ಇಳಿದಾಗ ಅವರಿಗೆ ಇಪ್ಪತ್ತಾರು. ಆರು ವರ್ಷ ಪೈಪು ಹೊತ್ತ ಮೇಲೆ, ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಸ್ಟೋರಿನ ಒಳಗೆ ಜಾಗ ಸಿಕ್ಕಿತು. ಡೆಲಿವರಿ ನೋಟಿನ ಹಿಂಬದಿಯಲ್ಲಿ ಹಾಡು ಬರೆಯುವುದು ಶುರುವಾದದ್ದು ಆಗಲೇ.

ಅವರನ್ನು ಗಲ್ಫಿಗೆಲ್ಲ ಪರಿಚಯಿಸಿದ ಹಾಡು ಹುಟ್ಟಿದ್ದು ಮರುವರ್ಷ. ಲೆಸ್ಲಿಯ ಕೋಣೆಯಲ್ಲಿದ್ದ ಲಿಗೋರಿ ಎಂಬ ವೆಲ್ಡರ್ ಇಪ್ಪತ್ತೆರಡು ವರ್ಷ ದುಡಿದು ‘ಫಾರ್ ಗುಡ್’ ಹೊರಟಿದ್ದರು. ಮತ್ತೆ ಬರುವುದಿಲ್ಲ ಎಂದು ಊರಿಗೆ ಹೋಗುವುದಕ್ಕೆ ಇಲ್ಲಿನವರ ಬಾಯಲ್ಲಿ ಅದೇ ಹೆಸರು. ಊರಿಗೆ ಒಯ್ಯುವ ಸಾಮಾನಿನ ಕಾರ್ಟನ್ ತುಂಬಿಯಾಗಿತ್ತು, ಮಾರ್ಕರಿನಲ್ಲಿ ಹೆಸರು, ಊರು ಬರೆದೂ ಆಗಿತ್ತು. ಹಗ್ಗ ಬಿಗಿಯಲು ಲಿಗೋರಿ ಮೂರು ಸಲ ಕೂತು ಮೂರು ಸಲ ಎದ್ದರು. ಗಂಟು ಹಾಕಿದಂತೆಲ್ಲ ಸಡಿಲಾಗುತ್ತಿತ್ತು. ಕೋಣೆಯಲ್ಲಿದ್ದವರು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದರು. ಯಾರ್ಡಿನಲ್ಲಿ ಪೈಪು ಎಳೆಯುವಾಗ ರಿಗ್ಗರುಗಳು ಒಟ್ಟಿಗೆ ಕೂಗಿ ಎಳೆಯುವ ಹಾಗೆ, ಲೆಸ್ಲಿ ತಮಾಷೆಗೆಂದು ಒಂದು ಯೋಡಲ್ ಎತ್ತಿದರು. ಲಿಗೋರಿ ಆ ಕೂಗಿನ ಜೊತೆಗೇ ಉಸಿರು ಬಿಗಿಹಿಡಿದು ಎಳೆದರು. ಗಂಟು ಬಿತ್ತು.

ಒಂದು ವಾರದಲ್ಲಿ ‘ದೊರಿ’ ಸಿದ್ಧವಾಯಿತು. ಕೊಂಕಣಿಯಲ್ಲಿ ದೊರಿ ಎಂದರೆ ಹಗ್ಗ. ೧೯೯೯ರಲ್ಲಿ ರಜೆಗೆ ಹೋದಾಗ ಮಂಗಳೂರಿನಲ್ಲಿ ಕ್ಯಾಸೆಟ್ ಮಾಡಿಸಿದರು. ರೆಕಾರ್ಡಿಂಗ್ ದಿನ ಅವರಿಗೆ ಜೋರು ಶೀತ. ಯೋಡಲ್‌ನ ಎರಡನೆಯ ಸುತ್ತಿನಲ್ಲಿ ಸ್ವರ ಜಾರಿತು. ಮಾರನೆಯ ದಿನ ವಿಮಾನ, ಇನ್ನೊಮ್ಮೆ ಹಾಡಲು ಸಮಯವಿರಲಿಲ್ಲ. ಆ ಜಾರು ಅವರನ್ನು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಅಲ್ಲಿಂದ ಮುಂದೆ ಯಾವ ವೇದಿಕೆಯಲ್ಲೂ ಅವರು ಎರಡನೆಯ ಸುತ್ತನ್ನು ಜಾರಲು ಬಿಡಲಿಲ್ಲ.

ಕ್ಯಾಸೆಟ್ ದುಬೈಯ ಕರಾಮದ ಫ್ಲ್ಯಾಟುಗಳಿಂದ ಹಿಡಿದು ಕುವೈತಿನವರೆಗೆ ಹೋಯಿತು. ಆಮೇಲೆ ಹನ್ನೊಂದು ಆಲ್ಬಮ್ಮುಗಳು, ದೋಹಾ, ಮಸ್ಕತ್, ಬಹರೈನ್ ವೇದಿಕೆಗಳು, ಕಪಾಟಿನಲ್ಲಿ ಹಿಡಿಸದಷ್ಟು ಶಾಲು. ಕರಾಮದ ಅಂಗಡಿಯೊಂದರಲ್ಲಿ ಕೊಂಡ ಕಪ್ಪು ಕೌಬಾಯ್ ಟೋಪಿ ಅವರ ಗುರುತಾಯಿತು. ಅದನ್ನು ಹಾಕಿದರೆ ಐದು ನಿಮಿಷದಲ್ಲಿ ತಲೆ ಬೆವರುತ್ತದೆ, ತೆಗೆದರೆ ಜನರಿಗೆ ಗುರುತು ಸಿಗುವುದಿಲ್ಲ. ಶೋ ಮುಗಿಸಿ ದುಬೈಯಿಂದ ಬಸ್ಸಿನಲ್ಲಿ ವಾಪಸಾಗಿ, ಬೆಳಿಗ್ಗೆ ಮತ್ತೆ ಅದೇ ಕಿಟಕಿ.

ಇದರ ಜೊತೆಗೆ ಒಂದು ಪದ್ಧತಿಯೂ ಬೆಳೆಯಿತು. ಯಾರು ಫಾರ್ ಗುಡ್ ಹೊರಟರೂ ಕಾರ್ಟನ್ನಿನ ಕೊನೆಯ ಗಂಟನ್ನು ಲೆಸ್ಲಿಯ ಯೋಡಲ್‌ಗೇ ಎಳೆಯಬೇಕು. ಆಸ್ಪತ್ರೆಯ ನರ್ಸು, ಹೋಟೆಲಿನ ಕ್ಯಾಷಿಯರ್, ಬ್ಯಾಂಕಿನ ಮ್ಯಾನೇಜರ್, ಎಲ್ಲರಿಗೂ. ಲೆಸ್ಲಿ ಇಲ್ಲಿಯವರೆಗೆ ನಾನೂರಕ್ಕೂ ಹೆಚ್ಚು ಜನರನ್ನು ಹಾಡಿ ಕಳಿಸಿದ್ದಾರೆ.

“ಪಾದ್ರಿ ಇಲ್ಲದಿದ್ರೂ ನಡೀತದೆ, ಈ ಪೊರ್ಬು ಬೇಕು,” ಎಂದು ಶುಕೂರ್ ಛೇಡಿಸುವುದಿತ್ತು.

ಶುಕೂರ್ ಕಾಪುವಿನ ಬ್ಯಾರಿ ಮುಸ್ಲಿಮರು, ಕಂಪನಿಯ ಪಿಕಪ್ ಓಡಿಸುವವರು, ಹದಿನಾಲ್ಕು ವರ್ಷದಿಂದ ಲೆಸ್ಲಿಯ ಜೊತೆ ಒಂದೇ ಕೋಣೆಯಲ್ಲಿ ಇರುವವರು. ಕ್ರೈಸ್ತರನ್ನು ಊರಿನಲ್ಲಿ ಕರೆಯುವಂತೆ ಲೆಸ್ಲಿಯನ್ನು ‘ಪೊರ್ಬುಗಳೇ’ ಎನ್ನುತ್ತಾರೆ. ಲೆಸ್ಲಿ ಅವರನ್ನು ‘ಬ್ಯಾರಿಗಳೇ’ ಎನ್ನುತ್ತಾರೆ. ಇಬ್ಬರ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೋ ಹಿಂದಿಗೋ ಹೊರಳಿ ಎಲ್ಲಿ ಬೇಕಾದರೂ ಮುಗಿಯುತ್ತದೆ.

ಎರಡು ವರ್ಷದ ಹಿಂದೆ ಲೆಸ್ಲಿಯ ಸ್ವರ ಒಡೆಯಿತು. ಯಾರ್ಡಿನ ಧೂಳೋ, ಎಸಿಯೋ, ವಯಸ್ಸೋ. ಕ್ಲಿನಿಕ್ಕಿನ ಡಾಕ್ಟರು ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ, ಕೆಳಗಿನ ಸ್ವರದಲ್ಲಿ ಹಾಡಿಕೊಳ್ಳಿ, ಮೇಲಕ್ಕೆ ಒತ್ತಾಯ ಮಾಡಬೇಡಿ ಎಂದರು. ಲೆಸ್ಲಿ ಅದನ್ನು ಹೆಂಡತಿ ಜೋಸ್ಫಿನ್‌ಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಫಾರ್ ಗುಡ್ ಪಾರ್ಟಿಗಳಿಗೆ ಕರೆ ಬಂದಾಗಲೆಲ್ಲ ಡ್ಯೂಟಿ ಇದೆ ಎಂದು ತಪ್ಪಿಸಿಕೊಂಡರು. ಅರವತ್ತು ತುಂಬಿದ ವರ್ಷ ಕಂಪನಿ ವೀಸಾ ರಿನ್ಯೂ ಮಾಡಲಿಲ್ಲ. ಈಗ ಹೊರಡುವ ಸರದಿ ಅವರದೇ.

ಸುದ್ದಿ ತಿಳಿದದ್ದೇ ಡ್ಯಾರಲ್ ಫೋನ್ ಮಾಡಿದ. ದುಬೈಯಲ್ಲಿ ಕೊಂಕಣಿ ಸಂಗೀತ ಸಂಜೆಗಳನ್ನು ನಡೆಸುವವನು ಅವನು. ತನ್ನ ಅಪ್ಪನ ಫೇರ್‌ವೆಲ್‌ಗೆ ಲೆಸ್ಲಿ ಹಾಡಿದ್ದನ್ನು ಮರೆತವನಲ್ಲ. ಕರಾಮದ ಹೋಟೆಲಿನಲ್ಲಿ ಎರಡು ಚಾ ಮುಂದಿಟ್ಟುಕೊಂಡು ಅವನು ಎಲ್ಲವನ್ನೂ ವಿವರಿಸಿದ: ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು, ಆರಕ್ಕೆ ಮುಕ್ತಾಯ, ಎಂಟುನೂರು ಸೀಟು. ಕೊನೆಗೆ ವೇದಿಕೆಯ ಮೇಲೆ ಲೆಸ್ಲಿಯ ಹೆಸರಿನ ಕಾರ್ಟನ್, ಅದಕ್ಕೆ ಹಗ್ಗ, ಯೋಡಲ್, ಗಂಟು.

“ಯೋಡಲ್ ಬರುವುದಿಲ್ಲ ಡ್ಯಾರಲ್,” ಲೆಸ್ಲಿ ಹೇಳಿದರು.

ಡ್ಯಾರಲ್ ಚಾದ ಕಪ್ಪು ಕೆಳಗಿಟ್ಟ.

“ಪೂರ್ತಿ ಬರುದಿಲ್ವಾ ಅಂಕಲ್?”

“ಗಾಳಿ ಬರ್ತದೆ.”

“ಹಾಗಾದ್ರೆ ಟ್ರ್ಯಾಕ್ ಹಾಕುವ. ಕ್ಯಾಸೆಟ್‌ನ ಸ್ವರ ನನ್ನ ಹತ್ರ ಕ್ಲೀನ್ ಮಾಡಿ ಉಂಟು. ನೀವು ಬಾಯಿ ಆಡಿಸಿದ್ರೆ ಸಾಕು. ಎಲ್ರೂ ಮಾಡುದೇ ಅಂಕಲ್ ಈಗ.”

“ನಾನು ಮಾಡಿಲ್ಲ.”

“ಗೊತ್ತುಂಟು. ಆದ್ರೆ ಎಂಟುನೂರು ಜನ ಬರುದು ಅದೊಂದಕ್ಕೆ. ಅವರನ್ನು ಬರಿಗೈಯಲ್ಲಿ ಕಳಿಸುದಾ? ಯೋಚನೆ ಮಾಡಿ.”

ಅವತ್ತು ಸಂಜೆ ಲೆಸ್ಲಿ ಊರಿನಲ್ಲಿದ್ದ ಜೋಸ್ಫಿನ್‌ಗೆ ಫೋನ್ ಮಾಡಿದರು. ಆಕೆ ಮಾತಿನ ನಡುವೆಯೇ ಮೀನಿನವನನ್ನು ನಿಲ್ಲಿಸಿ, ಬಂಗುಡೆ ಆರಿಸಿ, ಮತ್ತೆ ಫೋನಿಗೆ ಬಂದಳು.

“ಇದ್ದ ಸ್ವರದಲ್ಲಿ ಹಾಡಿ. ಇಲ್ಲಾಂದ್ರೆ ಹಾಡ್ಲೇ ಬೇಡಿ. ಮನೆಗೆ ಬನ್ನಿ.”

“ಜನ ಏನಂತಾರೆ?”

“ಮುದುಕನಾದ ಅಂತಾರೆ. ಸುಳ್ಳಾ?”

ಲೆಸ್ಲಿಗೆ ಆಕೆಯ ಮಾತೇ ಸರಿ ಅನಿಸಿತು. ಆದರೆ ಸರಿ ಅನಿಸಿದ್ದರ ಹಿಂದೆ ಹೋಗಲು ಒಂದಿಷ್ಟು ಕಸುವು ಬೇಕಾಗುತ್ತದೆ. ಡ್ಯಾರಲ್ ಮಾರನೆಯ ದಿನ ಮೆಸೇಜ್ ಮಾಡಿದಾಗ ಅವರು ಸ್ಟೋರಿನ ಸಾಮಾನನ್ನು ಹೊಸಬನಿಗೆ ಎಣಿಸಿ ಒಪ್ಪಿಸುತ್ತಿದ್ದರು. ಒಂದು ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ, ಇನ್ನೊಂದು ಕೈಯ ಹೆಬ್ಬೆರಳಿನಿಂದ ‘ಓಕೆ’ ಎಂದು ಕಳಿಸಿಬಿಟ್ಟರು.

ಭಾನುವಾರ ಶುಕೂರ್ ತಾವೇ ಪಿಕಪ್ಪಿನಲ್ಲಿ ದುಬೈಗೆ ಕರೆದುಕೊಂಡು ಹೋದರು. ಹದಿನಾಲ್ಕು ವರ್ಷದಲ್ಲಿ ಅವರು ಲೆಸ್ಲಿಯ ಒಂದು ಶೋ ಕೂಡ ನೋಡಿರಲಿಲ್ಲ. “ಕೋಣೆಯಲ್ಲಿ ದಿನಾ ಕೇಳುದು ಸಾಲದಾ?” ಎನ್ನುತ್ತಿದ್ದವರು, ಅವತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಾಲ್ಕನೆಯ ಸಾಲಿನಲ್ಲಿ ಕೂತರು.

ಸೌಂಡ್ ಸಿಸ್ಟಮ್ ದುಬೈಯ ಸತ್ವಾ ಬಡಾವಣೆಯ ಮುನಿಸ್ವಾಮಿಯದು. ಇಪ್ಪತ್ತು ವರ್ಷದಿಂದ ಲೆಸ್ಲಿಯ ಮೈಕು ಹಿಡಿದ ಮನುಷ್ಯ. ಟ್ರ್ಯಾಕಿನ ವಿಷಯ ಡ್ಯಾರಲ್ ಹೇಳಿದಾಗ ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ನಿಮ್ಮ ಮೈಕು ಆಫ್ ಮಾಡ್ಲಾ ಸಾರ್, ಸಣ್ಣಕ್ಕೆ ಇಟ್ಟಿರ್ಲಾ?”

“ಆಫ್ ಮಾಡು.”

ಎರಡೂವರೆ ಗಂಟೆ ಲೆಸ್ಲಿ ಇದ್ದ ಸ್ವರದಲ್ಲೇ ಹಳೆಯ ಹಾಡುಗಳನ್ನು ಕೆಳಗಿನ ಶ್ರುತಿಯಲ್ಲಿ ಹಾಡಿದರು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು, ಫೋನು ನೋಡಿಕೊಂಡರು. ಕೊನೆಗೆ ನಾಲ್ಕು ಮಂದಿ ಖಾಲಿ ಕಾರ್ಟನ್ ತಂದು ವೇದಿಕೆಯ ನಡುವೆ ಇಟ್ಟರು. ‘ಲೆಸ್ಲಿ ಬರ್ಬೋಜ, ಕಿನ್ನಿಗೋಳಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಂಟುನೂರು ಫೋನುಗಳು ಮೇಲೆದ್ದವು.

ಗಿಟಾರು ಶುರುವಾಯಿತು. ಮೊದಲ ಸಾಲಿಗೇ ಸಭಾಂಗಣ ಎದ್ದು ನಿಂತಿತು. ಸ್ಪೀಕರಿನಿಂದ ಮೂವತ್ತನಾಲ್ಕು ವರ್ಷದ ಗಂಡಸೊಬ್ಬ ಹಾಡುತ್ತಿದ್ದ. ಲೆಸ್ಲಿ ಅವನ ಹಿಂದೆ ಹಿಂದೆ ತುಟಿ ಆಡಿಸಿದರು. ಪದಗಳು ತಪ್ಪಲಿಲ್ಲ. ಯೋಡಲ್ ಹತ್ತಿರವಾದಂತೆ ಡ್ಯಾರಲ್ ಹಗ್ಗ ಬಿಗಿಹಿಡಿದು ಬಗ್ಗಿದ. ಸ್ವರ ಮುರಿದು ಮೇಲಕ್ಕೆ ಹಾರಿತು. ಮೊದಲನೆಯ ಸುತ್ತು. ಎರಡನೆಯದರಲ್ಲಿ, ಶೀತದ ದಿನ ಜಾರಿದ ಜಾಗದಲ್ಲೇ, ಜಾರಿತು. ಲೆಸ್ಲಿಯ ಬಾಯಿ ಮಾತ್ರ ಅಭ್ಯಾಸಬಲದಿಂದ ಜಾರದೆ ಮುಂದೆ ಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗಂಟು ಬಿತ್ತು, ಜನ ಅತ್ತರು.

ಇಳಿದು ಬರುವಾಗ ಹಿರಿಯರೊಬ್ಬರು ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. “ಇಷ್ಟು ವರ್ಷದಲ್ಲಿ ಇವತ್ತೇ ನೋಡಿ ಲೆಸ್ಲಿ ಬಾಬ್, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಹಾಡಿದ್ದು. ಆ ಜಾರುವುದುಂಟಲ್ಲ, ಅದಕ್ಕೆ ನಾವು ಕಾದು ಕೂತದ್ದು. ಯಾಕೆ ಅದನ್ನು ಇಷ್ಟು ದಿನ ಬಿಟ್ಟಿದ್ರಿ?”

ಲೆಸ್ಲಿ ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಕಾರ್ಟನ್ನನ್ನು ಹಗ್ಗದ ಸಮೇತ ಪಿಕಪ್ಪಿನ ಹಿಂದೆ ಹಾಕಿಕೊಂಡು ಹೊರಟಾಗ ಬಿಸಿಲು ಇನ್ನೂ ಇತ್ತು. ದುಬೈಯ ಅಂಚಿನ ಜೆಬೆಲ್ ಅಲಿ ದಾಟಿದ ಮೇಲೆ ಶುಕೂರ್ ಮಾತು ತೆಗೆದರು.

“ಪೊರ್ಬುಗಳೇ, ಒಂದು ಮಾತು. ಬೇಜಾರು ಮಾಡ್ಬಾರ್ದು.”

“ಹೇಳಿ.”

“ಹದಿನಾಲ್ಕು ವರ್ಷದಿಂದ ನಿಮ್ಮ ಗೊರಕೆ ಕೇಳಿಕೊಂಡು ಮಲಗುವವ ನಾನು. ನಿಮ್ಮ ಸ್ವರ ನಂಗೆ ಗೊತ್ತಾಗ್ಲಿಕ್ಕಿಲ್ವಾ? ಕಡೆಗೆ ಕೂಗಿದ್ದು ನೀವಲ್ಲ.”

“ನಾನೇ ಬ್ಯಾರಿಗಳೇ. ತೊಂಬತ್ತೊಂಬತ್ತನೇ ಇಸವಿಯ ನಾನು.”

“ಅವರ ಪರಿಚಯ ನಂಗಿಲ್ಲ. ನಾನು ಬರುವಾಗಲೇ ನೀವು ಮುದುಕರು.”

“ನಲ್ವತ್ತಾರು ಮಾರಾಯ್ರೆ ಆಗ ನಂಗೆ.”

“ಹೌದು, ಅದನ್ನೇ ಹೇಳಿದ್ದು.”

ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಶುಕೂರ್ ಎದುರಿನ ರಸ್ತೆ ನೋಡುತ್ತಲೇ ಹೇಳಿದರು, “ನಾನೂರು ಜನರಿಗೆ ನಿಜದ್ದು ಕೊಟ್ರಿ. ನಿಮ್ಮ ಸರದಿಗೆ ಟೇಪಾ?”

ಲೆಸ್ಲಿ ಕಿಟಕಿಯ ಕಡೆ ತಿರುಗಿದರು.

ಸಾಮಾನನ್ನು ಊರಿಗೆ ಸಾಗಿಸುವ ಕಾರ್ಗೋದವರು ಬರುವುದು ಮುಂದಿನ ಶನಿವಾರ ಮಧ್ಯಾಹ್ನ ಎರಡಕ್ಕೆ. ಅವತ್ತು ಬೆಳಿಗ್ಗೆ ಕೋಣೆಯಲ್ಲಿ, ವೇದಿಕೆಯ ಮೇಲೆ ಖಾಲಿ ಕಾರ್ಟನ್ನಿಗೆ ಕಟ್ಟಿದ್ದ ಗಂಟನ್ನು ಮೊದಲು ಬಿಚ್ಚಬೇಕಿತ್ತು. ಶುಕೂರ್ ಚೂರಿ ತಂದರು. ಲೆಸ್ಲಿ ಬೇಡವೆಂದು, ಸ್ಟೋರಿನವರ ತಾಳ್ಮೆಯಿಂದ ಉಗುರಿನಲ್ಲಿ ಎಳೆ ಎಳೆಯಾಗಿ ಬಿಡಿಸಿದರು. ಶಾಲುಗಳು, ಜೋಸ್ಫಿನ್‌ಗೆ ಕಂಬಳಿ, ಬಾದಾಮಿ, ಟೈಗರ್ ಬಾಮ್, ಮಾವನ ಕಾಲದ ನೋಟ್‌ಬುಕ್, ಎಲ್ಲಕ್ಕಿಂತ ಮೇಲೆ ಟೋಪಿ. ಮುಚ್ಚಳಕ್ಕೆ ಟೇಪು ಬಿತ್ತು, ಎರಡು ಸುತ್ತು ಹಗ್ಗ ಬಂತು. ಶುಕೂರ್ ಮಂಡಿಯನ್ನು ಕಾರ್ಟನ್ನಿನ ಮೇಲೆ ಊರಿ, ಹಗ್ಗದ ಎರಡು ತುದಿ ಹಿಡಿದು ನಿಂತರು.

“ಎಳೀರಿ,” ಲೆಸ್ಲಿ ಹೇಳಿದರು.

“ನೀವು ಹಾಡದೆ ನಾನು ಎಳೆಯುದಿಲ್ಲ.”

“ಬರುದಿಲ್ಲ ಅಂತ ಗೊತ್ತುಂಟಲ್ಲ?”

“ಬಂದಷ್ಟು. ನನ್ನ ಮಂಡಿ ನೋಯ್ತಾ ಉಂಟು, ಯಲ್ಲಾ, ಬೇಗ.”

ಲೆಸ್ಲಿ ಮಂಚದ ತುದಿಯಲ್ಲಿ ಕೂತರು. ಗಿಟಾರು ಪ್ಯಾಕ್ ಆಗಿತ್ತು. ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕಿ, ‘ದೊರಿ’ಯ ಕೊನೆಯ ಚರಣ ಹಿಡಿದರು. ಸ್ವರ ಕೆಳಗಿತ್ತು, ಒರಟಾಗಿತ್ತು, ಪಕ್ಕದ ಕೋಣೆಗೂ ಕೇಳಿಸುವಂತಿರಲಿಲ್ಲ. ಯೋಡಲ್‌ನ ಜಾಗ ಬಂದಾಗ ಅವರು ತಪ್ಪಿಸಿಕೊಳ್ಳಲಿಲ್ಲ. ಬಾಯಿ ತೆರೆದು ಹಾರಿದರು. ಮೇಲೆ ಸ್ವರ ಇರಲಿಲ್ಲ. ಕಂಪ್ರೆಸರಿನ ವಾಲ್ವು ಮುಚ್ಚಿದ ಮೇಲೆ ಪೈಪಿನಿಂದ ಬರುವಂಥ ಗಾಳಿ ಬಂತು, ಒಂದು ಸುತ್ತು, ಮತ್ತೊಂದು ಸುತ್ತು. ಎರಡನೆಯದು ಜಾರಿತೋ ಇಲ್ಲವೋ ಹೇಳುವಂತಿರಲಿಲ್ಲ.

ಶುಕೂರ್ ಆ ಗಾಳಿಗೇ ಎಳೆದರು. ಹಗ್ಗ ಕಾರ್ಟನ್ನಿನ ಮೂಲೆಗಳಲ್ಲಿ ಒಳಗಿಳಿಯಿತು.

“ಖಲಾಸ್,” ಎಂದು ಅವರು ಎದ್ದು ಮಂಡಿ ಉಜ್ಜಿಕೊಂಡರು. ಲೆಸ್ಲಿ ನೀರು ಕುಡಿದು, ಲೋಟ ತೊಳೆದು ಕವುಚಿಟ್ಟರು.

ಎರಡು ಗಂಟೆಗೆ ಕಾರ್ಗೋದವರು ಬಂದರು. ಅವರಲ್ಲೊಬ್ಬ ಕಾರ್ಟನ್ನನ್ನು ಹಗ್ಗ ಹಿಡಿದೇ ನೆಲದಿಂದ ಎತ್ತಿ ನೋಡಿದ. ಗಂಟು ಸಡಿಲಾಗಲಿಲ್ಲ.