ಬಾಣಂತಿ ಹಸು ತಿಂದ ಆರು ಪ್ಲಾಟು

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ. ಮಹಾನವಮಿಗೆ ಇನ್ನೊಂದು ವಾರವಿತ್ತು. ಆ ಬೆಳಿಗ್ಗೆ ಮೋಡ ಕವಿದಿತ್ತು ಎಂದು ನನ್ನ ನೆನಪು. ನನ್ನದೇ ನೋಟ್‌ಬುಕ್ಕಿನಲ್ಲಿ ‘ಚುರುಕು ಬಿಸಿಲು’ ಎಂದಿದೆ! ಅಂದಮೇಲೆ ನನ್ನ ನೆನಪನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ. ನಡೆದದ್ದನ್ನು ನೋಟ್‌ಬುಕ್ ನೋಡಿ ಬರೆಯುತ್ತಿದ್ದೇನೆ, ಮಾತುಗಳನ್ನು ಮಾತ್ರ ನೆನಪಿನಿಂದ.

ನಾನು ಒಂದು ಸಣ್ಣ ಸಂಶೋಧನಾ ಗುಂಪಿನಲ್ಲಿ ಕೆಲಸ ಮಾಡುತ್ತೇನೆ. ಎಲ್ಲೋ ಹೊಗೆ ಬಿಡುವ ಕಾರ್ಖಾನೆ, ಇನ್ನೆಲ್ಲೋ ಗಿಡ ನೆಟ್ಟವರಿಂದ ‘ಇಷ್ಟು ಇಂಗಾಲ ಹೀರಿದೆ’ ಎಂಬ ಕಾರ್ಬನ್ ಕ್ರೆಡಿಟ್ ಕೊಳ್ಳುತ್ತದೆ. ಅಂಥ ಯೋಜನೆಗಳ ಕಾಗದದಲ್ಲಿ ಬರೆದದ್ದು ನೆಲದ ಮೇಲೆ ನಿಜವೇ ಎಂದು ಅಳೆದು ನೋಡಿ, ನಿಯಮ ಮಾಡುವವರಿಗೆ ತಿಳಿಸುವುದು ನಮ್ಮ ಕೆಲಸ. ಅನುಮಾನಪಡುವುದಕ್ಕೇ ಸಂಬಳ. ನನ್ನ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತದೆ.

ಕಡೂರಿನಿಂದ ಎಮ್ಮೆದೊಡ್ಡಿ ಕಡೆ ಹೋಗುವಾಗ ಒಂದು ಗೋಮಾಳವಿದೆ. ಒಂದು ಕಂಪನಿಯವರು ಇಂಥ ಕ್ರೆಡಿಟ್ಟಿಗಾಗಿ ಅಲ್ಲೆಲ್ಲ ನೀಲಗಿರಿ ನೆಟ್ಟು ಬೇಲಿ ಹಾಕಲು ಅರ್ಜಿ ಕೊಟ್ಟಿದ್ದರು. ಅರ್ಜಿಯಲ್ಲಿ ಆ ಜಾಗ ‘ಬರಡು, ಯಾರ ಉಪಯೋಗಕ್ಕೂ ಇಲ್ಲ’ ಎಂದಿತ್ತು. ಪಕ್ಕದ ಹಟ್ಟಿಯ ಗಿರಿಯಪ್ಪನವರ ಹದಿನೆಂಟು ದನ ಮೇಯುವುದು ಅಲ್ಲೇ. ಬೇಲಿ ಬಿದ್ದರೆ ದನಗಳನ್ನು ಮಾರುವುದೊಂದೇ ದಾರಿ. ಕಡೂರಿನಲ್ಲಿ ಅಹವಾಲು ಸಭೆ ನಿಗದಿಯಾಗಿತ್ತು. ಅಲ್ಲಿ ಹುಲ್ಲಿನ ಲೆಕ್ಕ ಇಟ್ಟರೆ ಮಾತ್ರ ‘ಬರಡು’ ಎಂಬ ಮಾತನ್ನು ಅಳಿಸಬಹುದಿತ್ತು.

ಅದಕ್ಕಾಗಿ ಜೂನ್‌ನಲ್ಲೇ ಆರು ಕಡೆ ತಂತಿ ಜಾಲರಿಯ ಪಂಜರ ಕವುಚಿ ಹೋಗಿದ್ದೆ. ಒಂದೊಂದರ ಕೆಳಗೂ ಒಂದು ಚದರ ಮೀಟರ್ ನೆಲ, ನಮ್ಮ ಭಾಷೆಯಲ್ಲಿ ‘ಪ್ಲಾಟು’. ದನ ಬಾಯಿ ಹಾಕದಿದ್ದರೆ ಎಷ್ಟು ಹುಲ್ಲು ಬೆಳೆಯುತ್ತದೆ ಎಂದು ಕುಯ್ದು ತೂಗಬೇಕು.

ಆವತ್ತು ಕುಡುಗೋಲು, ತಕ್ಕಡಿ ಹಿಡಿದು ಹೋದರೆ, ಆರೂ ಪಂಜರ ಬೇವಿನ ಮರದ ಕೆಳಗೆ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು. ಆರೂ ಪ್ಲಾಟು ಬೋಳು! ಪಕ್ಕದಲ್ಲಿ ಒಂದು ಬಿಳಿ ಹಸು ಕರುವನ್ನು ನೆಕ್ಕುತ್ತಾ ನಿಂತಿತ್ತು.

“ಗಿರಿಯಪ್ಪನೋರೇ, ದನ ಬಿಡ್ಬೇಡಿ ಅಂದಿದ್ದೆನಲ್ಲ!”

“ಬಿಟ್ಟಿಲ್ವಲ್ಲ ಮೇಷ್ಟ್ರೇ. ಈ ಗೌರಿ ಒಂದೇ ತಿಂದಿದ್ದು. ಈದು ಐದು ದಿನ ಆಯ್ತು. ಬಾಣಂತಿಗೆ ಅಂತ ತಾನೇ ನೀವು ಬಿಟ್ಟಿದ್ದು?”

ನೋಟ್‌ಬುಕ್ ಹಿಡಿದು ಓಡಾಡುವುದರಿಂದ ನಾನು ಅವರಿಗೆ ಮೇಷ್ಟ್ರು. ಆ ಹಟ್ಟಿಯಲ್ಲಿ ಹಸು ಗಬ್ಬವಾದರೆ ಮಳೆ ಶುರುವಾದಾಗಲೇ ಒಂದಿಷ್ಟು ಹುಲ್ಲಿಗೆ ಮುಳ್ಳು ಬೇಲಿ ಹಾಕಿಬಿಡುತ್ತಾರಂತೆ. ಈದ ಮೇಲೆ ಆ ಹಸುವಿಗೇ ಅದು. ನನ್ನ ಪಂಜರವನ್ನೂ ಅವರು ಹಾಗೇ ತಿಳಿದಿದ್ದರು. ಇದು ಅಳತೆಗೆ ಎಂದು ಜೂನ್‌ನಲ್ಲೇ ಹೇಳಿದ್ದೆ ಎಂಬುದು ನನ್ನ ನೆನಪು. ಹೇಳಿಲ್ಲ ಎಂದು ಗಿರಿಯಪ್ಪ. ನೋಟ್‌ಬುಕ್ಕಿನಲ್ಲಿ ಹೇಳಿದ್ದರ ಸುಳಿವಿಲ್ಲ, ಆದ್ದರಿಂದ ಹೇಳಿರಲಾರೆ.

ಅವರ ಅಕ್ಕ ಸಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. “ಅಲ್ಲಾ ಮೇಷ್ಟ್ರೇ, ಕೊಡೋದು ಕೊಟ್ರಿ, ಅಷ್ಟಷ್ಟೇನಾ? ಒಂದು ಹೊತ್ತಿಗೂ ಆಗ್ಲಿಲ್ಲ. ಭಾರೀ ಕೈ ಬಿಗಿ ಕಣ್ರೀ ನಿಮ್ದು.”

ನನಗೆ ಅಳು ಬರುವುದೊಂದು ಬಾಕಿ. ಸಭೆಗೆ ಐದೇ ದಿನ. ನಾಲ್ಕು ತಿಂಗಳ ಕೆಲಸ ಗೌರಿಯ ಹೊಟ್ಟೆಯಲ್ಲಿತ್ತು. ಸಭೆಯ ವಿಷಯ ಬಿಡಿಸಿ ಹೇಳಿದಾಗ ಗಿರಿಯಪ್ಪನ ಮುಖ ಇಳಿದುಹೋಯಿತು. ಸಣ್ಣಮ್ಮ ತಮ್ಮನಿಗೆ ರೇಗಿದರು.

“ಲೇ ಗಿರಿಯಾ, ಮುಖ ಯಾಕೋ ಹಂಗೆ ಮಾಡ್ತೀಯ? ನಮ್ಮ ಮುಳ್ಳಬೇಲಿವು ಮೂರು ಐತಲ್ಲ, ಕುಯ್ಕೊಳ್ಳಿ ಬಿಡು.”

ಮಳೆಗಾಲವಿಡೀ ಯಾವ ದನವೂ ಬಾಯಿಡದ ಮೂರು ತುಂಡು ನೆಲ! ಖುಷಿಯಿಂದ ಕುಣಿಯಬೇಕಿದ್ದವನು ಮತ್ತೆ ಅನುಮಾನಪಟ್ಟೆ. “ಹುಲ್ಲು ಚೆನ್ನಾಗಿರೋ ಕಡೆಯೇ ಬೇಲಿ ಹಾಕಿರ್ತೀರಿ. ಅದನ್ನು ತೂಗಿದ್ರೆ ಲೆಕ್ಕ ಹೆಚ್ಚಾಗಿ ಬಿಡುತ್ತೆ.”

ಗಿರಿಯಪ್ಪ ನಕ್ಕರು. “ಚೆನ್ನಾಗಿರೋ ಜಾಗ ಎಲ್ಲಾ ದನಕ್ಕೂ ಬೇಕಲ್ರೀ. ಬೇಲಿ ಹಾಕೋದು ಕಲ್ಲು ದಿಬ್ಬದಲ್ಲಿ. ಬೇರೇವು ಅತ್ಲಾಗೆ ನುಗ್ಗಲ್ಲ.”

ಹೋಗಿ ನೋಡಿದೆ. ನಿಜ, ಬರೀ ಕಲ್ಲು. ಅಲ್ಲಿ ಸಿಗುವ ತೂಕ ಆ ಗೋಮಾಳದ ಸರಾಸರಿಗಿಂತ ಕಡಿಮೆಯೇ ಇರುತ್ತದೆ. ಲೆಕ್ಕ ಉಬ್ಬಿಸಿದ್ದೀರಿ ಎಂದು ಯಾರೂ ಹೇಳುವಂತಿಲ್ಲ. ನನ್ನ ಆರು ಪಂಜರಕ್ಕಿಂತ ಗಟ್ಟಿಯಾದ ಸಾಕ್ಷಿ ಅದು.

ಮಧ್ಯಾಹ್ನದವರೆಗೂ ಕುಯ್ದೆವು. ಹಟ್ಟಿಯವರೆಲ್ಲ ಬಂದರು. ನಾನು ಒಂದು ಚದರ ಮೀಟರಿನ ಚೌಕಟ್ಟು ಇಡುವುದು, ಸಣ್ಣಮ್ಮ ಅದರೊಳಗಿನ ಹುಲ್ಲು ಕುಯ್ಯುವುದು. ಒಮ್ಮೆ ನಾನೂ ಕುಡುಗೋಲು ಹಿಡಿದೆ. “ಹುಲ್ಲಿಗೆ ಕ್ಷೌರ ಮಾಡ್ತೀರೇನು? ಬುಡಕ್ಕೆ ಹಾಕ್ರೀ,” ಎಂದು ಕಿತ್ತುಕೊಂಡರು. ಎಲ್ಲವನ್ನೂ ಅಂಗಳದಲ್ಲಿ ಮೂರು ದಿನ ಒಣಗಿಸಿ ತೂಗಿ, ಒಂದು ಚೌಕಟ್ಟಿನ ಹುಲ್ಲನ್ನು ಬಿಟ್ಟು ಉಳಿದದ್ದನ್ನು ಗೌರಿಗೆ ಹಾಕಿದೆವು.

ಸಭೆಯಲ್ಲಿ ಕಂಪನಿಯವರು ಉಪಗ್ರಹದ ಚಿತ್ರ ತೋರಿಸಿದರು. ಗೋಮಾಳ ಪೂರ್ತಿ ಕಂದು. ಮೂಲೆಯಲ್ಲಿ ತಾರೀಕು ಮಾರ್ಚ್ ಕೊನೆಯದು. ನಾನು ಅದನ್ನು ಹೇಳಿ ನನ್ನ ಅಂಕಿಗಳನ್ನು ಓದಿದೆ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಕಣ್ಣು ಕಿರಿದು ಮಾಡಿ, “ಅಷ್ಟು ಗ್ರಾಂ ಅಂದ್ರೆ ನೋಡೋಕೆ ಎಷ್ಟಾಗುತ್ತೆ?” ಎಂದರು.

ಸಣ್ಣಮ್ಮ ಎದ್ದು ಹೋಗಿ, ಉಳಿಸಿ ತಂದಿದ್ದ ಕಂತೆಯನ್ನು ಅವರ ಮೇಜಿನ ಮೇಲೆ ಬಿಚ್ಚಿದರು. ಫೈಲುಗಳು ಮುಚ್ಚಿಹೋದವು.

“ಇಷ್ಟಾಗುತ್ತೆ ಸ್ವಾಮಿ, ಬರೀ ಇಷ್ಟಗಲ ನೆಲದಲ್ಲಿ,” ಎಂದು ಕೈಚಾಚಿ ತೋರಿಸಿದರು. “ಇವ್ರು ಬ್ಯಾಸಿಗೇಲಿ ಫೋಟೋ ಹೊಡ್ದವ್ರೆ. ಬ್ಯಾಸಿಗೇಲಿ ನಿಮ್ ಹೊಲದ ಫೋಟೋನೂ ಹೊಡ್ಸಿ. ಬರಡು ಅಂತ ಅದನ್ನೂ ಬರ್ಕೊಟ್ಬಿಡ್ತೀರಾ?”

ಮೊದಲು ನಕ್ಕದ್ದು ಅಧಿಕಾರಿಯೇ. ಆಮೇಲೆ ಸಭೆಗೆ ಸಭೆಯೇ ನಕ್ಕಿತು ಎಂದು ನನ್ನ ನೆನಪು. ನೋಟ್‌ಬುಕ್ಕಿನಲ್ಲಿ ಅದಿಲ್ಲ, ಬರೆದುಕೊಳ್ಳಲು ಮರೆತು ನಾನೂ ನಗುತ್ತಿದ್ದೆನೆಂದು ಕಾಣುತ್ತದೆ.

ಎರಡು ತಿಂಗಳಿಗೆ ಆ ಗೋಮಾಳವನ್ನು ಯೋಜನೆಯಿಂದ ಕೈಬಿಟ್ಟ ಪತ್ರ ಬಂತು. ಬೇಸಿಗೆಯ ಒಂದೇ ಚಿತ್ರ ನೋಡಿ ಯಾವ ನೆಲವನ್ನೂ ಬರಡು ಎನ್ನಬಾರದು ಎಂದು ನಮ್ಮ ಗುಂಪು ಸರ್ಕಾರಕ್ಕೂ ಬರೆಯಿತು. ನಮ್ಮ ವರದಿಯ ಕೋಷ್ಟಕದಲ್ಲಿ ಆರು ಸಾಲು ಖಾಲಿ ಇವೆ. ಕಾರಣದ ಕಡೆ ‘ಬಾಣಂತಿ ಹಸು ತಿಂದಿದೆ’ ಎಂದು ಬರೆದಿದ್ದೆ. ನಮ್ಮ ಗುಂಪು ನಡೆಸುವ ಮೇಡಂ ಅದನ್ನು ಹೊಡೆದುಹಾಕುತ್ತಾರೆ ಅಂದುಕೊಂಡಿದ್ದೆ, ಹಾಕಲಿಲ್ಲ.

ಈಗ ನಕ್ಷೆಯಲ್ಲಿ ಕಂದು ಬಣ್ಣ ಕಂಡರೆ ಮೊದಲು ತಾರೀಕು ನೋಡುತ್ತೇನೆ, ಆಮೇಲೆ ಅಲ್ಲಿ ದನ ಮೇಯಿಸುವವರು ಯಾರೆಂದು ವಿಚಾರಿಸುತ್ತೇನೆ. ಆವತ್ತಿನ ಸಂತೋಷ ಮಾತ್ರ ಯಾವ ನೋಟ್‌ಬುಕ್ಕನ್ನೂ ನೋಡದೆ ನೆನಪಾಗುತ್ತದೆ.

ಈ ವರ್ಷ ಮೊದಲ ಮಳೆ ಬಿದ್ದ ಮಾರನೇ ದಿನ ಗಿರಿಯಪ್ಪ ಫೋನ್ ಮಾಡಿದರು. “ಮೇಷ್ಟ್ರೇ, ಗೌರಿ ಮತ್ತೆ ಗಬ್ಬ ಕಣ್ರೀ. ನಿಮ್ ಪಂಜರ ತಂದಿಡಿ. ಸ್ವಲ್ಪ ದೊಡ್ಡವು ತರ್ಬೇಕಂತೆ, ಅಕ್ಕ ಹೇಳ್ತವ್ಳೆ.”

ಹನ್ನೆರಡು ಒಯ್ದೆ. ಆರು ನನಗೆ, ಆರು ಗೌರಿಗೆ. ಯಾವುದು ಯಾರದ್ದೆಂದು ನೋಟ್‌ಬುಕ್ಕಿನಲ್ಲಿ ಬರೆದು, ಹೊರಡುವ ಮುಂಚೆ ಅಕ್ಕ, ತಮ್ಮ ಇಬ್ಬರಿಗೂ ಎರಡೆರಡು ಸಲ ಓದಿ ಹೇಳಿ ಬಂದೆ.