ಜೆಕ್ ಊಟದ ನಡುವೆ ಕುಚ್ಚಲಕ್ಕಿ ಅನ್ನ

ಕುವೈತ್‌ನಲ್ಲಿ ಅಣ್ಣ ನನಗೆ ಕೊಡಿಸಿದ್ದು ದೊಡ್ಡ ಹೋಟೆಲಿನ ಜೆಕ್ ಊಟ. ಒಂಬತ್ತು ತಟ್ಟೆ, ಒಂದೊಂದರಲ್ಲೂ ಎರಡೇ ತುತ್ತು. ಮೂರನೆಯದು ಸಿಹಿನೀರಿನ ಮೀನು.

"ನಾವು ಸಮುದ್ರದ ಕರೆಯವರು, ಮುಳ್ಳಿಗೆ ಹೆದರುದುಂಟಾ ಮಾರಾಯ್ತಿ?" ಎಂದು ನಕ್ಕವನ ಗಂಟಲಲ್ಲೇ ಮುಳ್ಳು ಸಿಕ್ಕಿತು. ಕೆಮ್ಮು ಹತ್ತಿತು, ಕಣ್ಣು ಕೆಂಪಾಯಿತು; ನಾನು ಬೆನ್ನು ತಟ್ಟತೊಡಗಿದೆ. ಆ ಕೆಮ್ಮು ನನಗೆ ಈಗಲೂ ಕೇಳಿಸುತ್ತಿದೆ.

ಬಡಿಸುತ್ತಿದ್ದ, ನಮ್ಮ ಕರಾವಳಿಯದೇ ಆದ ಕಾಪು ಊರಿನ ಶೇಖರಣ್ಣ ಒಳಗೆ ಓಡಿ, ತಮ್ಮ ಬುತ್ತಿಯ ಕುಚ್ಚಲಕ್ಕಿ ಅನ್ನವನ್ನು ಉಂಡೆ ಕಟ್ಟಿ ತಂದರು. "ಜಗಿಯಬೇಡಿ, ಹಾಗೇ ನುಂಗಿ!" ಚಿಕ್ಕಂದಿನಲ್ಲಿ ಅಮ್ಮ ನುಂಗಿಸುತ್ತಿದ್ದುದೂ ಹೀಗೆಯೇ.

ಎರಡನೆಯ ಉಂಡೆಗೆ ಮುಳ್ಳು ಇಳಿಯಿತು. ಅಣ್ಣ ಕಣ್ಣೊರೆಸಿಕೊಂಡು, "ಇನ್ನೊಂದು ಉಂಟಾ?" ಎಂದ.

"ಅದು ನನ್ನ ಊಟ ಸಾರ್!" ಎನ್ನುತ್ತಲೇ ಶೇಖರಣ್ಣ ಅದನ್ನೂ ತಂದರು.

ಆರನೆಯ ತಟ್ಟೆ ಬಂದಾಗಲೂ ನನ್ನ ಕೈ ಅಣ್ಣನ ಬೆನ್ನ ಮೇಲೇ ಇತ್ತು.