ತಿಳಿಯಾದ ನೀರು

ಆ ಕಾಲದಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ. ಅಹಮದಾಬಾದಿನಲ್ಲಿದ್ದಾಗ ರವಿವಾರದ ಸಂತೆಯಲ್ಲಿ, ಹಳೆ ಪುಸ್ತಕಗಳ ರಾಶಿಯೊಳಗೆ, ಪ್ರಾಚೀನ ಚೀನಾದ ಜ್ಞಾನಿಗಳ ಮಾತುಗಳಿದ್ದ ತೆಳ್ಳನೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಚೀನಾ ಯುದ್ಧದ ಬಿಸಿ ಇನ್ನೂ ಆರಿರಲಿಲ್ಲ. ಬ್ಯಾಂಕಿನಲ್ಲಿದ್ದ ನನ್ನ ಗಂಡ "ಯಾರರ ನೋಡಿದ್ರ ಏನಂದಾರು" ಎಂದು ಅದಕ್ಕೆ ಗುಜರಾತಿ ಪೇಪರ್ ಸುತ್ತಿಕೊಟ್ಟರು.

ದಿನಾ ಬೆಳಿಗ್ಗೆ ಒಂದು ಪುಟ ಓದಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಕಲಕಿದ ನೀರನ್ನು ಅಲುಗಿಸದೆ ಬಿಟ್ಟರೆ ತಿಳಿಯಾಗುತ್ತದೆ, ಮನಸ್ಸೂ ಹಾಗೆಯೇ ಎಂಬುದು ಅದರ ತಾತ್ಪರ್ಯ. ನನ್ನ ದನಿ ತಗ್ಗಿತು. "ಮೈಯಾಗ ಆರಾಮ ಇಲ್ಲೇನು?" ಎಂದು ಗಂಡ ಕೆಣಕುತ್ತಿದ್ದರು. ನನಗೆ ಒಳಗೊಳಗೇ ಜಂಬ.

ಆಮೇಲೆ ಸೂರತ್ತಿಗೆ ವರ್ಗವಾಯಿತು. ನಾವು ಮಹಡಿಯಲ್ಲಿ, ಕೆಳಗೆ ಮನೆಯ ಮಾಲೀಕ ಮತ್ತು ಅವನ ಮುದಿ ತಾಯಿ. ಎಲ್ಲರೂ ಅವಳನ್ನು ಅಮ್ಮ ಎಂಬ ಅರ್ಥದಲ್ಲಿ ‘ಬಾ’ ಎನ್ನುತ್ತಿದ್ದರು. ನನ್ನನ್ನು ದೀಕರಿ, ಅಂದರೆ ಮಗಳೇ ಎಂದೇ ಕರೆಯುತ್ತಿದ್ದಳು. ಒಂದು ಮಳೆಗಾಲ ತಾಪಿ ನದಿ ಊರೊಳಗೆ ನುಗ್ಗಿತು. ಮಗ ವ್ಯಾಪಾರಕ್ಕೆಂದು ಹೋಗಿ ಪರವೂರಿನಲ್ಲಿ ಸಿಕ್ಕಿಕೊಂಡಿದ್ದ. ಅವಳನ್ನು ನಾವೇ ಮೇಲಕ್ಕೆ ಕರೆತಂದೆವು.

ನೆರೆ ಇಳಿದ ಮೇಲೆ ನಲ್ಲಿಯಲ್ಲಿ ಕೆಸರು ಬಂತು.

"ನೀರ ಕುದಿಸಿ ಕುಡೀರಿ ಅಂತ ಬ್ಯಾಂಕಿನ್ಯಾಗ ಹೇಳ್ಯಾರ," ಎಂದರು ಗಂಡ.

"ಇರೋ ಸೀಮೆಎಣ್ಣಿ ಅನ್ನಕ್ಕ ಸಾಲೂದಿಲ್ಲ. ನೀರಿನ ಕಾಳಜಿ ನನಗ ಬಿಡ್ರಿ," ಎಂದೆ.

ಮೊದಲಾಗಿದ್ದರೆ ರೇಗುತ್ತಿದ್ದೆ. ಅಂದು ಬಹಳ ಶಾಂತವಾಗಿ ಹೇಳಿದೆ. ಕೊಡದ ನೀರಿಗೆ ಪಟಿಕದ ತುಂಡು ತಿರುವಿ, ಯಾರೂ ಮುಟ್ಟಬಾರದೆಂದು ಮೂಲೆಯಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕೆಸರೆಲ್ಲ ತಳಕ್ಕಿಳಿದು ನೀರು ಕನ್ನಡಿಯಂತಾಯಿತು. ಪುಸ್ತಕದ ಮಾತು ಕಣ್ಣೆದುರೇ ನಿಜವಾಯಿತೆಂದು ಹಿಗ್ಗಿದೆ. ಮೊದಲ ತಂಬಿಗೆ ಬಾಗೆ ಕೊಟ್ಟೆ.

"ದೀಕರಿ, ಪಾಣಿ ಚೋಖ್ಖುಂ ಛೇ?" ನೀರು ಶುದ್ಧವಿದೆಯೇ ಎಂದು ಕೇಳಿದಳು.

"ಹಾ ಬಾ, ಚೋಖ್ಖುಂ," ಎಂದೆ.

ಅವಳು ಗಟಗಟ ಕುಡಿದಳು. ನಾವೂ ಕುಡಿದೆವು. ನಮಗೆ ಎರಡು ದಿನ ಹೊಟ್ಟೆ ಕೆಟ್ಟು ನಿಂತಿತು. ಬಾಗೆ ವಾಂತಿ, ಭೇದಿ ನಿಲ್ಲಲೇ ಇಲ್ಲ. ಗಂಡ ಮೊಣಕಾಲುದ್ದ ಕೆಸರಿನಲ್ಲಿ ಅಲೆದು ಡಾಕ್ಟರನ್ನು ಕರೆತಂದಾಗ ಅವರು ಮೊದಲು ಕೊಡದೊಳಗೆ ಬಗ್ಗಿ ನೋಡಿದರು. "ಕುದಿಸಿದ್ದಿರಾ?" ಎಂದು ಕೇಳಿದರು. ಬಾ ಮಾರನೆಯ ದಿನ ತೀರಿಕೊಂಡಳು.

ಎಲ್ಲ ಮುಗಿದ ಮೇಲೆ ಮಗ ಬಂದ. ಕಣ್ಣು ಕೆಂಪಾಗಿತ್ತು.

"ಬೆಹನ್, ಕೊನೆಗೆ ಬಾ ಏನು ಕೇಳಿದಳು?"

"ನೀರು."

"ಕೊಟ್ಟಿರಾ?"

"ಕೊಟ್ಟೆ."

ಅವನ ಮುಖ ಹಗುರವಾಯಿತು. ಹೆತ್ತ ಮಗನಿಗೂ ಸಿಗದ ಪುಣ್ಯ ನಿಮಗೆ ಸಿಕ್ಕಿತು ಎಂದು ಬಗ್ಗಿ ನನ್ನ ಕಾಲು ಮುಟ್ಟಿದ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆ ಹೇಡಿತನವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಮುಂದೆ ವಡೋದರೆಗೆ ಬಂದೆವು. ಪುಸ್ತಕ ಟ್ರಂಕಿನಲ್ಲೇ ಉಳಿಯಿತು. ಮತ್ತೆ ಕಣ್ಣು ಮುಚ್ಚಿ ಕೂರಲು ಕೆಲವು ಸಲ ನೋಡಿದೆ. ಮನಸ್ಸು ನಿಲ್ಲುತ್ತದೆ, ತಿಳಿಯೂ ಆಗುತ್ತದೆ. ಆಗಲೇ ಬಾ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಶುದ್ಧವಿದೆಯೇ ಎಂದು ಕೇಳುತ್ತಾಳೆ. ನಾನು ಎದ್ದುಹೋಗಿ ಪಾತ್ರೆ ತಿಕ್ಕಲು ಕೂರುತ್ತೇನೆ.